ಮನ್ಮಥಪ್ಪನವರು ಕೊಡಲೊಪ್ಪದ ಆರು ಸೆಕೆಂಡು

ಔರಂಗಾಬಾದಿನ ವಿಮಾನ ನಿಲ್ದಾಣದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ಮನ್ಮಥಪ್ಪನವರು ಜೀವನದಲ್ಲಿ ಎಂದೂ ತಡ ಮಾಡಿದವರಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದು. ಯಾರಾದರೂ ಬಾಗಿಲು ತಟ್ಟುವ ಮೊದಲೇ ಅವರು ಚಿಲಕ ತೆಗೆದಿರುತ್ತಿದ್ದರು. ಪಕ್ಕದ ಮನೆಗೆ ಬಂದವರಿಗೂ ತೆಗೆದಿರುತ್ತಿದ್ದರು. ಎದುರಿಗಿದ್ದವರು ಪ್ರಶ್ನೆ ಮುಗಿಸುವುದರೊಳಗೆ ಉತ್ತರ ಬಂದುಬಿಡುತ್ತಿತ್ತು. ಆ ಉತ್ತರ ಬೇರೆ ಯಾವುದೋ ಪ್ರಶ್ನೆಗೆ ಸಲ್ಲುವಂಥದಾಗಿದ್ದರೆ ತಪ್ಪು ಕೇಳಿದವರದು. ಚಹಾ ಕುದಿಯಲು ಬಿಡುವುದಿಲ್ಲ, ಬಿಸಿನೀರು ಕುಡಿದು ಆಫೀಸಿಗೆ ಹೋಗುತ್ತಾರೆ ಎಂದು ಅವರ ಹೆಂಡತಿ ಸುಶೀಲಾಬಾಯಿ ನೆರೆಯವರಲ್ಲಿ ದೂರುತ್ತಿದ್ದರು.

"ಮನಷ್ಯಾ ಅಂದ್ರ ಸ್ವಿಚ್ ಇದ್ದಂಗ ಇರ್ಬೇಕ್ರಿ. ಒತ್ತಿದ್ರ ದೀಪ ಹತ್ತಬೇಕು. ಒತ್ತಿದ ಮ್ಯಾಲ ವಿಚಾರ ಮಾಡೋ ದೀಪ ತಗೊಂಡು ಏನ್ ಮಾಡ್ತೀರಿ?" ಎನ್ನುವುದು ಅವರ ಸಿದ್ಧಾಂತ.

ಹುಟ್ಟೂರು ಬೀದರ ಜಿಲ್ಲೆಯ ಭಾಲ್ಕಿ. ನಿಜಾಮನ ಕಾಲದಲ್ಲಿ ಬೀದರವೂ ಔರಂಗಾಬಾದೂ ಒಂದೇ ಸಂಸ್ಥಾನದಲ್ಲಿದ್ದುದರಿಂದ ತಾನು ಊರು ಬಿಟ್ಟು ಬಂದೇ ಇಲ್ಲ, ಊರೇ ಎರಡಾಗಿ ಹೋಯಿತು ಎಂದು ಅವರು ವಾದಿಸುತ್ತಿದ್ದರು. ಹೈದರಾಬಾದಿನಲ್ಲಿ ಡ್ರಾಯಿಂಗ್ ಕಲಿತು, ಲೋಕೋಪಯೋಗಿ ಇಲಾಖೆಯಲ್ಲಿ ಕೆಲವು ಸೇತುವೆಗಳನ್ನು ಬರೆದು, ಅರವತ್ತರ ದಶಕದಲ್ಲಿ ವಿಮಾನ ಇಲಾಖೆಗೆ ಬಂದರು. ಸೇತುವೆ ಬರೆಯುವುದು ಸುಲಭ, ಕಟ್ಟಿದ ಮೇಲೆ ಅದು ಅಲ್ಲೇ ಇರುತ್ತದೆ. ವಿಮಾನ ಹಾಗಲ್ಲ ಎಂದು ಅವರು ಹೇಳುವಾಗ ಕೇಳುವವರಿಗೆ ವಿಮಾನ ಹಾರಿಸುತ್ತಿರುವುದು ಇವರೇ ಇರಬೇಕು ಎನ್ನಿಸುತ್ತಿತ್ತು. ಅವರಿಗೂ ಹಾಗೇ ಅನ್ನಿಸುತ್ತಿತ್ತು.

ಅವರ ಕೆಲಸ ಏನೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಮಳೆಗಾಲದಲ್ಲಿ ಮುಂಬೈಯ ವಿಮಾನ ಮೋಡದೊಳಗೇ ಇಳಿಯುತ್ತ ಬರುತ್ತದೆ. ಒಂದು ಎತ್ತರಕ್ಕೆ ಬಂದಾಗಲೂ ರನ್‌ವೇ ಕಾಣದಿದ್ದರೆ ಪೈಲಟ್ ಹಟ ಮಾಡುವಂತಿಲ್ಲ. ಮತ್ತೆ ಮೇಲೇರಬೇಕು, ಗೊತ್ತಾದ ಜಾಗದಲ್ಲಿ ಎಡಕ್ಕೆ ತಿರುಗಬೇಕು. ಆತನಿಗೆ ಕೆಳಗೆ ಏನೂ ಕಾಣುವುದಿಲ್ಲವಾದ್ದರಿಂದ, ತಿರುಗುವ ದಾರಿಯ ಕೆಳಗೆ ಗುಡ್ಡ, ಚಿಮಣಿ, ಗೋಪುರ ಯಾವುದೂ ತಲೆ ಎತ್ತಿರದಂತೆ ಮೊದಲೇ ನೋಡಿಕೊಂಡಿರಬೇಕು. ಆ ದಾರಿಯ ಅಂಚು ಎಲ್ಲಿಯವರೆಗೆ ಎಂದು ಕಾಗದದ ಮೇಲೆ ಗೆರೆ ಎಳೆಯುವವರು ಮನ್ಮಥಪ್ಪನವರು. ಗೆರೆಯ ಒಳಗಿದ್ದವರು ಮನೆಯ ಮೇಲೆ ಎತ್ತರದ ಕಂಬ ನೆಡುವಂತಿಲ್ಲ. ಹೊರಗಿದ್ದವರು ಬೇಕಾದರೆ ಕುತುಬ್ ಮಿನಾರ್ ಕಟ್ಟಿಕೊಳ್ಳಬಹುದು.

ಅವರು ಮೊದಲು ಎಳೆದಿದ್ದ ಗೆರೆ ನೋಡಲು ಚೆಂದವಿತ್ತು. ನೇರ ಬಂದು, ತಿರುಗುವ ಚುಕ್ಕೆ ಮುಟ್ಟಿದೊಡನೆ, ಬಳೆಯ ಅಂಚಿನ ಹಾಗೆ ನಯವಾಗಿ ಬಾಗುತ್ತಿತ್ತು. ಅದರ ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ತಮ್ಮ ಮೇಜಿನ ಹಿಂದಿನ ಗೋಡೆಗೆ ತೂಗುಹಾಕಿದ್ದರು. ಅಲ್ಲಿ ಹಿಂದೆ ಇದ್ದ ದೇಶನಾಯಕರ ಫೋಟೋ ಕಿಟಕಿಯ ಪಕ್ಕಕ್ಕೆ ಸರಿದಿತ್ತು.

ಇನ್ನು ಉಮಾನಾಥರ ವಿಷಯ. ಉಡುಪಿ ಕಡೆಯವರು; ನಾಸಿಕದಲ್ಲಿ ಅವರ ಹೋಟೆಲು. ಸುಶೀಲಾಬಾಯಿಯವರ ತಮ್ಮ ಅದೇ ಊರಿನ ಅಂಬಡ ಭಾಗದ ಒಂದು ಕಾರ್ಖಾನೆಯಲ್ಲಿದ್ದುದರಿಂದ ಮನ್ಮಥಪ್ಪನವರು ಹಬ್ಬಹುಣ್ಣಿಮೆಗೆ ನಾಸಿಕಕ್ಕೆ ಹೋಗುವರು, ಹೋದಾಗ ಭಾವಮೈದುನನ ಖೋಲಿಗಿಂತ ಹೆಚ್ಚು ಹೊತ್ತು ಉಮಾನಾಥರ ಗಲ್ಲಾದ ಪಕ್ಕದ ಕುರ್ಚಿಯಲ್ಲಿರುವರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಪೂರ್ತಿ ಹಿಡಿಸದಿದ್ದರೂ, ಮರಾಠಿ ಕೇಳಿ ಕೇಳಿ ಸುಸ್ತಾದ ಕಿವಿಗಳಿಗೆ ಅಷ್ಟೇ ಸಾಕಾಗಿತ್ತು.

ಉಮಾನಾಥರ ತಂದೆ ಮುದ್ದಣ್ಣ ನಾಸಿಕಕ್ಕೆ ಬಂದದ್ದು ತಟ್ಟೆ ತೊಳೆಯುವ ಕೆಲಸಕ್ಕೆ. ಹೋಟೆಲು ಮಾಡಿದ ಮೇಲೂ ತನ್ನ ಹೆಸರಿಡದೆ ದೇವರ ಹೆಸರಿಟ್ಟು ತೀರಿಕೊಂಡರು. ಎಪ್ಪತ್ತರ ದಶಕದ ಕೊನೆಗೆ ಉಮಾನಾಥರು ಔರಂಗಾಬಾದಿನ ಜಾಲ್ನಾ ರಸ್ತೆಯಲ್ಲಿ, ಅಜಂತಾ ಎಲ್ಲೋರಾ ನೋಡಲು ಬರುವವರಿಗಾಗಿ ಒಂದು ಲಾಡ್ಜು ಕಟ್ಟಿಸತೊಡಗಿದಾಗ, ಈ ಸಲ ದೇವರು ಬಿಡಲಿ, ಅಪ್ಪನ ಹೆಸರೇ ಎಂದು ನಿಶ್ಚಯಿಸಿದರು. ಮಾಳಿಗೆಯ ಮೇಲೊಂದು ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ದೀಪದ ಅಕ್ಷರಗಳಲ್ಲಿ 'ಮುದ್ದಣ್ಣ'. ವಿಮಾನದಲ್ಲಿ ಬರುವವರಿಗೆ ಊರಿನ ಮೊದಲು ಅದೇ ಕಾಣಬೇಕು.

"ವಿಮಾನದವರು ಬಿಡ್ತಾರಾ ಮಾರಾಯ್ರೆ ಅಷ್ಟು ಎತ್ತರ?" ಎಂದು ಅವರು ಕೇಳಿದ್ದರು.

"ವಿಮಾನದವರು ಅಂದ್ರ ಯಾರ್ರಿ? ನಾನೇ," ಎಂದಿದ್ದರು ಮನ್ಮಥಪ್ಪನವರು. "ಗೆರಿ ನಂದು. ನಿಮ್ಮ ಪ್ಲಾಟಿಗಿ ಅದು ಮುಟ್ಟಂಗೇ ಇಲ್ಲ. ಎಬ್ಬಸ್ರಿ ಎಷ್ಟ್ ಬೇಕಷ್ಟು."

ಉಮಾನಾಥರು ನಾಸಿಕದ ಹತ್ತಿರದ ಸಿನ್ನರಿನ ಒಂದು ವರ್ಕ್‌ಶಾಪಿಗೆ ಗೋಪುರ ಮಾಡಲು ಹೇಳಿಬಿಟ್ಟರು.

ಗೋಪುರಕ್ಕೆ ವೆಲ್ಡಿಂಗ್ ನಡೆಯುತ್ತಿರುವಾಗ ಮುಂಬೈಯ ಮೇಲಿನ ಆಫೀಸಿನಿಂದ ಒಂದು ಸೂಚನೆ ಬಂತು. ಇಷ್ಟು ದಿನ ತಿರುಗುವ ಚುಕ್ಕೆಯಲ್ಲೇ ವಿಮಾನ ತಿರುಗುತ್ತದೆ ಎಂದು ನಕ್ಷೆ ಬರೆಯುತ್ತಿದ್ದೆವು, ಇನ್ನು ಹಾಗಿಲ್ಲ. ತಿರುಗುವ ಜಾಗ ಬಂತೆಂದು ಪೈಲಟ್‌ಗೆ ತಿಳಿದು ಕೈ ಆಡಿಸಲು ಮೂರು ಸೆಕೆಂಡು, ವಿಮಾನ ಓರೆಯಾಗಿ ತಿರುವನ್ನು ಹಿಡಿಯಲು ಮತ್ತೆ ಮೂರು. ಈ ಆರು ಸೆಕೆಂಡು ವಿಮಾನ ನೇರ ಮುಂದಕ್ಕೇ ಹೋಗುತ್ತದೆಂದು ಹಿಡಿದು, ಹಿಂದಿನಿಂದ ಬೀಸುವ ಗಾಳಿಯ ಲೆಕ್ಕವನ್ನೂ ಸೇರಿಸಿ, ಗೆರೆಯನ್ನು ಹೊರಗೆ ಸರಿಸಿ ಬರೆಯತಕ್ಕದ್ದು.

ಮನ್ಮಥಪ್ಪನವರಿಗೆ ಇದು ಸರ್ಕಾರಿ ಸೂಚನೆಯಂತೆ ಕಾಣಲಿಲ್ಲ, ಬೈಗುಳದಂತೆ ಕಂಡಿತು.

"ಆರು ಸೆಕೆಂಡು ಏನ್ ಮಾಡ್ತಾನಂತ ಅವ?" ಎಂದು ಮನೆಯಲ್ಲಿ ಹೆಂಡತಿಯನ್ನು ಕೇಳಿದರು. "ಪೈಲಟ್ ಅಂದ್ರ ಟಾಂಗಾ ಹೊಡಿಯವ ಅಂತ ತಿಳ್ದಾರೇನು? ತಿರಗು ಅಂದ್ರ ಕುದರಿ ಮಾರಿ ನೋಡ್ಕೋತ ಕೂಡ್ಲಾಕ?"

"ನಿಮಗ್ಯಾಕ ಸಿಟ್ಟು? ಕೊಡೋದು ಅವಂಗ, ನಿಮಗಲ್ಲಲ್ಲ," ಎಂದರು ಸುಶೀಲಾಬಾಯಿ.

"ನನಗ ಬ್ಯಾಡ. ಅವಂಗೂ ಬ್ಯಾಡ."

ಈ ಸೂಚನೆ ಎಷ್ಟು ಹುಚ್ಚುತನದ್ದು ಎಂದು ತೋರಿಸುವುದಕ್ಕಾಗಿಯೇ ಅವರು ಹೊಸ ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆದು ನೋಡಿದರು. ವಿಮಾನದ ವೇಗಕ್ಕೆ ಆರು ಸೆಕೆಂಡೆಂದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ನೆಲ. ಬಾಗು ಅಷ್ಟೂ ದೂರ ಹೊರಗೆ ಜರುಗಿ, ಜಾಲ್ನಾ ರಸ್ತೆಯನ್ನು ದಾಟಿ, ಉಮಾನಾಥರ ಪ್ಲಾಟನ್ನು ಪೂರ್ತಿ ನುಂಗಿ, ಆಚೆಯ ಜೋಳದ ಹೊಲದಲ್ಲಿ ಹೋಗಿ ನಿಂತಿತು. ಗೋಪುರ ಎದ್ದರೆ ಗೆರೆಯ ಒಳಗೇ ಏಳಬೇಕು.

ಬೇರೆಯವರಾಗಿದ್ದರೆ ಆಗಲೇ ಉಮಾನಾಥರಿಗೆ ಹೇಳಿಬಿಡುತ್ತಿದ್ದರೋ ಏನೋ. ಆದರೆ ಮನ್ಮಥಪ್ಪನವರು ಮಾತು ಕೊಟ್ಟಿದ್ದರು, ಮೇಲಾಗಿ ತಾವೇ ಸರಿ ಎಂಬುದರಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಗೆರೆಯನ್ನು ರಬ್ಬರಿನಿಂದ ಉಜ್ಜಿ, ಈ ಆರು ಸೆಕೆಂಡು ಭಾರತೀಯ ಪೈಲಟ್‌ಗಳಿಗೆ ಅವಮಾನ ಎಂದು ಮುಂಬೈಗೆ ಬರೆದರು. ಮುಂಬೈಯ ಸಾಹೇಬರು ಒಳ್ಳೆಯವರು. ಅನುಭವಿ ಪೈಲಟ್ ಒಬ್ಬರು ಹಾಗೆಂದು ಬರೆದು ಸಹಿ ಮಾಡಿಕೊಟ್ಟರೆ ಯೋಚಿಸೋಣ, ಅಲ್ಲಿಯವರೆಗೆ ನಕ್ಷೆ ತಡೆದಿಡೋಣ ಎಂದು ಉತ್ತರಿಸಿದರು.

ಅಂಥ ಪೈಲಟ್ ಸಿಗುವುದು ಕಷ್ಟವಾಗಲಿಲ್ಲ. ಮುಂಬೈ ವಿಮಾನದ ಕ್ಯಾಪ್ಟನ್ ರಾಜವಾಡೆ ನಾಸಿಕದವರು, ಮೀಸೆಯವರು. ಅವರು ನಿಲ್ದಾಣದ ಕ್ಯಾಂಟೀನಿನಲ್ಲಿದ್ದಾಗ ಮನ್ಮಥಪ್ಪನವರು ಎದುರು ಕುಳಿತು, ತಿರುಗಬೇಕೆಂದಾಗ ತಿರುಗಲು ತಮಗೆಷ್ಟು ಹೊತ್ತು ಬೇಕು ಎಂದು ಹಿಂದಿಯಲ್ಲಿ ಕೇಳಿದರು.

"ಹೊತ್ತು ಅಂದರೆ?" ಎಂದರು ಕ್ಯಾಪ್ಟನ್. "ನಾನು ತಿರುಗಬೇಕು ಅಂದುಕೊಳ್ಳೋದು, ವಿಮಾನ ತಿರುಗೋದು, ಎರಡೂ ಒಂದೇ."

ಕನ್ನಡಿಯ ಮುಂದೆ ನಿಂತವರ ಹಾಗೆ ಇಬ್ಬರೂ ಒಬ್ಬರನ್ನೊಬ್ಬರು ಸ್ವಲ್ಪ ಹೊತ್ತು ನೋಡಿಕೊಂಡರು. ಬರೆದು ಕೊಡಲು ಕ್ಯಾಪ್ಟನ್ ಸಂತೋಷದಿಂದ ಒಪ್ಪಿದರು. ಮುಂದಿನ ವಾರ ಅವರು ರಜೆಯ ಮೇಲೆ ನಾಸಿಕದಲ್ಲಿರುತ್ತಾರೆ; ಉಮಾನಾಥರ ಹೋಟೆಲಿಗೆ ಇಪ್ಪತ್ತೈದು ತುಂಬಿದ್ದಕ್ಕೆ ಅಲ್ಲಿ ಸತ್ಯನಾರಾಯಣ ಪೂಜೆ, ಊಟ. ಊಟ ಮುಗಿಸಿ ಸಹಿ ಹಾಕುವುದೆಂದು ನಿಶ್ಚಯವಾಯಿತು.

ಆ ದಿನ ಹೋಟೆಲಿನ ಮೇಜು ಕುರ್ಚಿ ಹೊರಗೆ ಹಾಕಿ, ನೆಲಕ್ಕೆ ಚಾಪೆ ಹಾಸಿ, ಬಾಳೆಯೆಲೆ ಬಿಡಿಸಿದ್ದರು. ಮೊದಲ ಪಂಕ್ತಿಯ ನಡುವೆ ಕ್ಯಾಪ್ಟನ್ ರಾಜವಾಡೆ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. ಅವರು ಬರೆದು ತಂದ ಕಾಗದ ಅಂಗಿಯ ಜೇಬಿನಲ್ಲಿತ್ತು. ಸಹಿಯೊಂದು ಬಾಕಿ.

ಸಾರು, ಗಸಿ, ಹೋಳಿಗೆ ಒಂದು ಸುತ್ತು ಬಂದ ಮೇಲೆ ಉಮಾನಾಥರು ಪಂಕ್ತಿಯ ತಲೆಗೆ ನಿಂತು ಮಾತಾಡಿದರು. ಗೋಪುರ ಮುಗಿಯುತ್ತಾ ಬಂತು, ಅಪ್ಪನ ಹೆಸರು ಆಕಾಶದಲ್ಲಿ ಕಾಣಲಿಕ್ಕುಂಟು, ಇದೆಲ್ಲ ನಮ್ಮ ಮನ್ಮಥಪ್ಪನವರ ದಯೆ ಎಂದರು. ಅವರ ಮನೆಯಲ್ಲಿ ಒಂದು ಪದ್ಧತಿ: ದೊಡ್ಡ ಊಟದ ದಿನ ಮನೆಗೆ ತೀರ ಬೇಕಾದವರೊಬ್ಬರು ಪಾಯಸದ ಒಂದು ಸುತ್ತು ಬಡಿಸಬೇಕು. ಉಮಾನಾಥರು ಕಡಲೆಬೇಳೆ ಪಾಯಸದ ಬಕೆಟ್ಟನ್ನೂ ಸೌಟನ್ನೂ ಮನ್ಮಥಪ್ಪನವರ ಕೈಗೆ ಕೊಟ್ಟರು.

"ನಿಮಗೆ ಬಡಿಸಿ ಅಭ್ಯಾಸ ಉಂಟಾ?" ಎಂದು ಉಮಾನಾಥರ ಹೆಂಡತಿ ಜಲಜಾಕ್ಷಿ ಅನುಮಾನದಿಂದ ಕೇಳಿದರು.

"ಇದ್ರಾಗ ಅಭ್ಯಾಸ ಏನ್ ಬಂತ್ರಿ ತಾಯಿ? ಹಾಕು ಅಂದ್ರ ಹಾಕೋದು, ಸಾಕು ಅಂದ್ರ ಬಿಡೋದು."

ಮೊದಲ ಐದಾರು ಎಲೆಗಳು ಸುಸೂತ್ರವಾಗಿ ಸಾಗಿದವು. ಅವರೆಲ್ಲ ಹೋಟೆಲಿನವರೇ ಆದ್ದರಿಂದ ಸೌಟು ದೂರವಿರುವಾಗಲೇ ಸಾಕು ಸಾಕು ಎನ್ನುತ್ತಿದ್ದರು. ಕ್ಯಾಪ್ಟನ್ ರಾಜವಾಡೆ ಹಾಗೆ ಮಾಡುವವರಲ್ಲ. ಅವರು ತಮಗೆ ಬೇಕಾದಷ್ಟು ಎಲೆಗೆ ಬೀಳುವುದನ್ನು ನೋಡಿ, ಸರಿಯಾದ ಕ್ಷಣದಲ್ಲಿ ಕೈ ಅಡ್ಡ ಹಿಡಿದು, "ಬಸ್" ಎಂದರು.

ಮನ್ಮಥಪ್ಪನವರಿಗೆ ಅದು ಕೇಳಿಸಿತು. ಕೇಳಿಸಿತೆಂಬುದೂ ತಿಳಿಯಿತು. ಸೌಟನ್ನು ನೆಟ್ಟಗೆ ಮಾಡಬೇಕೆಂದು ನಿರ್ಧರಿಸಿದರು, ಕೈಯೂ ಒಪ್ಪಿತು. ಆದರೆ ಸೌಟಿನ ಬಾಯಿ ಆಗಲೇ ಪೂರ್ತಿ ಕೆಳಗಾಗಿತ್ತು. ಅದು ಮೇಲಕ್ಕೆ ಬರುವಷ್ಟರಲ್ಲಿ ಒಳಗಿದ್ದದ್ದೆಲ್ಲ ಹೊರಗಿತ್ತು. ಆ ಪಾಯಸಕ್ಕೆ ಯಾರೂ ಬಸ್ ಎಂದಿರಲಿಲ್ಲ. ಅದು ಹೋಳಿಗೆಯನ್ನು ಬಳಸಿ, ಎಲೆಯ ಅಂಚಿನಲ್ಲಿ ಒಂದು ಗಳಿಗೆ ದಿಕ್ಕು ನೋಡಿಕೊಂಡು, ಬಿಳಿ ಪ್ಯಾಂಟಿನ ಕಡೆಗೆ ಇಳಿಯಿತು. ಕ್ಯಾಪ್ಟನ್ ಅದು ಬರುವುದನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ನೋಡಿದರು. "ಅರೆ" ಎಂದರು. ಮೊಣಕಾಲು ಎತ್ತಿದರು. ಎತ್ತಿದ್ದು ಪಾಯಸ ಬಂದು ಅಲ್ಲಿ ನೆಲೆಸಿದ ಮೇಲೆ.

ಪಂಕ್ತಿಯಲ್ಲಿ ನಗು ಎದ್ದಿತು. ಜಲಜಾಕ್ಷಿ ಒದ್ದೆ ಬಟ್ಟೆ ಹಿಡಿದು ಓಡಿ ಬಂದರು.

"ಎಂತ ಮನ್ಮಥಪ್ಪನವ್ರೆ, ಸಾಕು ಅಂತ ಬಾಯಿಬಿಟ್ಟು ಹೇಳುವಷ್ಟು ಹೊತ್ತು ಕಾಯುದಾ? ಅವರ ಕೈ ಏಳುವಾಗಲೇ ನಮ್ಮ ಸೌಟು ಏಳ್ಬೇಕು. ಮತ್ತೆ ಅಂಚಿಗೆ ಬಡಿಸುದು ಯಾರಾದ್ರೂ? ಹರಿಯುವ ಪದಾರ್ಥಕ್ಕೆ ಎಲೆಯಲ್ಲಿ ಸ್ವಲ್ಪ ಜಾಗ ಬಿಡ್ಬೇಕಲ್ವಾ?"

"ಸೌಟು ಸರಿ ಇಲ್ರಿ ಇದು," ಎಂದರು ಮನ್ಮಥಪ್ಪನವರು.

ಸೌಟಿನ ಮೇಲೆ ತಪ್ಪು ಹೊರಿಸಿದ ಮೇಲೆ ಅದನ್ನು ಸಾಬೀತು ಮಾಡಬೇಕಾಯಿತು. ಊಟವಾದ ಮೇಲೆ ಹೋಟೆಲಿನ ಹಿತ್ತಿಲಿನ ನಲ್ಲಿಯ ಹತ್ತಿರ ಒಂದು ಹೊಸ ಎಲೆ ಹಾಸಿ, ಬಕೆಟ್ಟಿನಲ್ಲಿ ನೀರು ತುಂಬಿ, ಬೇರೆ ಸೌಟು ತಂದರು. ಪ್ಯಾಂಟು ತಂತಿಯ ಮೇಲೆ ಒಣಗುತ್ತಿದ್ದುದರಿಂದ ಕ್ಯಾಪ್ಟನ್ ರಾಜವಾಡೆ ಉಮಾನಾಥರ ಪಂಚೆ ಉಟ್ಟು, ಎಲೆಯ ಮುಂದೆ ಕುಳಿತು, ಬಸ್ ಎನ್ನುವುದು, ಮನ್ಮಥಪ್ಪನವರು ನಿಲ್ಲಿಸುವುದು. ನೀರು ಚೆಲ್ಲಿತು. ಸಣ್ಣ ಸೌಟು ತಂದರು. ಅದರಲ್ಲೂ ಚೆಲ್ಲಿತು. ನೀವು ಹೇಳುವುದೇ ತಡ ಎಂದು ಮನ್ಮಥಪ್ಪನವರು ಆರೋಪಿಸಿದ ಮೇಲೆ ಅದಲುಬದಲಾಗಿ, ಕ್ಯಾಪ್ಟನ್ ಸೌಟು ಹಿಡಿದರು, ಮನ್ಮಥಪ್ಪನವರು ಬಸ್ ಎಂದರು. ಈ ಸಲ ಪಂಚೆಯೂ ನೆನೆಯಿತು. ಅಡಿಗೆಯವರು ಕೆಲಸ ಬಿಟ್ಟು ಕಿಟಕಿಯಲ್ಲಿ ನಿಂತಿದ್ದರು. ದೇಶದ ವಿಮಾನಯಾನದ ಇಬ್ಬರು ಆಧಾರಸ್ತಂಭಗಳು ಒಂದು ಬಾಳೆಯೆಲೆಯೊಡನೆ ಹೀಗೆ ಬಡಿದಾಡುವುದು ಅವರಿಗೆ ದಿನಾ ಸಿಗುವ ನೋಟವಲ್ಲ.

ಕೊನೆಗೆ ಕ್ಯಾಪ್ಟನ್ ಮೀಸೆಯ ನೀರು ಒರೆಸಿಕೊಂಡು, ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಅಂಗಿಯ ಜೇಬಿನಿಂದ ಕಾಗದ ತೆಗೆದರು.

"ಸಹಿ ಮಾಡಲಾ?" ಎಂದು ಕೇಳಿದರು.

ಇದಕ್ಕೆ ಮಾತ್ರ ಮನ್ಮಥಪ್ಪನವರ ಉತ್ತರ ಪ್ರಶ್ನೆಗಿಂತ ಮೊದಲು ಬರಲಿಲ್ಲ. ಕಾಗದ ಮುಂಬೈಗೆ ಹೋದರೆ ಗೆರೆ ಹಳೆಯ ಜಾಗದಲ್ಲೇ ಉಳಿಯುತ್ತದೆ, ಗೋಪುರ ಏಳುತ್ತದೆ, ತಮ್ಮ ಮಾತೂ ಉಳಿಯುತ್ತದೆ. ಆಮೇಲೆ ಯಾವುದೋ ಆಷಾಢದ ದಿನ ಇದೇ ರಾಜವಾಡೆ ಮೋಡದೊಳಗೆ ಕುಳಿತು, ತಿರುಗಬೇಕು ಎಂದುಕೊಂಡು, ಕೈ ಆಡಿಸಿ, ವಿಮಾನ ಓರೆಯಾಗುವುದನ್ನು ಕಾಯುತ್ತಾರೆ. ಅಷ್ಟರಲ್ಲಿ ಮುಂದೆ ಮುದ್ದಣ್ಣ.

"ಬ್ಯಾಡ್ರಿ," ಎಂದು ಕನ್ನಡದಲ್ಲೇ ಹೇಳಿದರು. ಕ್ಯಾಪ್ಟನ್‌ಗೆ ಅರ್ಥವಾಯಿತು. ಕಾಗದವನ್ನು ಅವರು ನಾಲ್ಕಾಗಿ ಹರಿದು ಒಲೆಗೆ ಹಾಕಲು ಅಡಿಗೆಯವರಿಗೆ ಕೊಟ್ಟರು.

ಉಮಾನಾಥರು ಗಲ್ಲಾದಲ್ಲಿದ್ದರು. ಮನ್ಮಥಪ್ಪನವರು ಹೋಗಿ ತಮ್ಮ ಎಂದಿನ ಕುರ್ಚಿಯಲ್ಲಿ ಕೂರದೆ, ಗಿರಾಕಿಯ ಹಾಗೆ ಎದುರಿಗೆ ನಿಂತರು.

"ನಿಮ್ಮ ಗೋಪುರ ಏಳಂಗಿಲ್ರಿ, ಉಮಾನಾಥರ."

"ತಮಾಷೆ ಮಾಡ್ಬೇಡಿ."

"ತಮಾಷಿ ಆಗ್ಲೇ ಹಿತ್ತಲದಾಗ ಮುಗೀತು. ಗೆರಿ ಸರೀತದ. ನಿಮ್ಮ ಪ್ಲಾಟ್ ಒಳಗ ಬರ್ತದ."

ಉಮಾನಾಥರು ಎಣಿಸುತ್ತಿದ್ದ ನೋಟುಗಳನ್ನು ಕೆಳಗಿಟ್ಟರು. "ಗೆರಿ ನಂದು, ವಿಮಾನದವರು ಅಂದ್ರೆ ನಾನೇ ಅಂತ ಹೇಳಿದ್ದು ನೀವಲ್ವಾ? ಈಗ ಒಂದು ಗಂಟೆ ಮೊದಲು ನಾನು ಇಡೀ ನಾಸಿಕದ ಎದುರು ನಿಮ್ಮ ಹೆಸರು ಹೇಳಿದೆ. ಒಂದು ಸೌಟು ಪಾಯಸ ಚೆಲ್ಲಿದ್ದಕ್ಕೆ ನನ್ನ ಅಪ್ಪನ ಹೆಸರು ಇಳಿಸುದಾ? ಪಾಯಸಕ್ಕೂ ವಿಮಾನಕ್ಕೂ ಎಂತ ಸಂಬಂಧ ಮಾರಾಯ್ರೆ?"

"ಪಾಯಸ ಚೆಲ್ಲಿದ್ರ ಪ್ಯಾಂಟ್ ಒಗೀಬಹುದ್ರಿ."

ಉಮಾನಾಥರು ಗಲ್ಲಾ ಮುಚ್ಚಿ ಎದ್ದು ನಿಂತರು. "ವಿಮಾನವೇ ಸ್ವಲ್ಪ ಎತ್ತರದಿಂದ ಹೋಗ್ಲಿ. ಅದಕ್ಕೆ ಎಂತ ಆಗ್ಬೇಕು?" ಎಂದರು.

"ಹೋಗ್ತದ. ಆಗ ಮೋಡ ಇದ್ದ ದಿನ ರನ್‌ವೇ ಕಾಣೋದ್ರೊಳಗೇ ಹೊಳ್ಳಿ ಮುಂಬೈಗಿ ಹೋಗ್ತದ. ನಿಮ್ಮ ಲಾಡ್ಜಿನ ಮಂದೀನೂ ಅದ್ರಾಗೇ ಕುಂತಿರ್ತಾರ."

ಇದು ಉಮಾನಾಥರಿಗೆ ನಾಟಿತು. ಆದರೆ ಸಿಟ್ಟು ಇಳಿಯಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಎಂದರು. ಮೊದಲು ನನಗೇ ಒಪ್ಪಿಗೆ ಇರಲಿಲ್ಲ ಎಂದರು ಮನ್ಮಥಪ್ಪನವರು. ಅವರ ಬಾಯಿಂದ ತಾನು ತಪ್ಪಿದೆ ಎನ್ನುವುದಕ್ಕೆ ಇಷ್ಟು ಹತ್ತಿರದ ಮಾತು ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದದ್ದು ಯಾರಿಗೂ ನೆನಪಿಲ್ಲ. ಹೊರಡುವಾಗ ಜಲಜಾಕ್ಷಿ ಕಟ್ಟಿಕೊಟ್ಟ ಹೋಳಿಗೆಯನ್ನು ತೆಗೆದುಕೊಂಡರು. ಉಮಾನಾಥರು ಬಸ್ ಸ್ಟ್ಯಾಂಡಿನವರೆಗೆ ಬರಲಿಲ್ಲ.

ಮರುದಿನ ಆಫೀಸಿನಲ್ಲಿ ಮನ್ಮಥಪ್ಪನವರು ಇಂಡಿಯನ್ ಇಂಕಿನಲ್ಲಿ ಹೊಸ ಗೆರೆ ಎಳೆದರು. ಮೂರು ಸೆಕೆಂಡು ಮನುಷ್ಯನಿಗೆ, ಮೂರು ಸೆಕೆಂಡು ಯಂತ್ರಕ್ಕೆ, ಮೇಲೆ ಗಾಳಿ. ಹಳೆಯದಕ್ಕಿಂತ ಇದು ಸ್ವಲ್ಪ ದಡೂತಿಯಾಗಿತ್ತು. ಅಂಕುಡೊಂಕಾದದ್ದೇನಿಲ್ಲ, ಮಧ್ಯವಯಸ್ಸಾದ ಮೇಲೆ ಎಲ್ಲರ ಬಾಗೂ ಹೀಗೇ ಎಂದು ಸಹೋದ್ಯೋಗಿಗಳಿಗೆ ವಿವರಿಸಿದರು. ಈ ಸೆಕೆಂಡುಗಳು ಏಕೆ ಬೇಕು ಎಂದು ಮುಂಬೈಗೆ ಎರಡು ಪುಟ ಬರೆದರು, ಸೂಚನೆ ಮುಂಬೈಯಿಂದಲೇ ಬಂದಿತ್ತೆಂಬುದನ್ನು ಮರೆತು.

ಸಿನ್ನರಿನ ಕಬ್ಬಿಣ ವರ್ಕ್‌ಶಾಪಿನ ಅಂಗಳದಲ್ಲಿ ಬಿದ್ದುಕೊಂಡಿತು. ಒಂದು ತಿಂಗಳು ನಾಸಿಕದಿಂದ ಸುದ್ದಿಯಿಲ್ಲ. ಆಮೇಲೊಂದು ಮಧ್ಯಾಹ್ನ ಉಮಾನಾಥರೇ ನಿಲ್ದಾಣದ ಆಫೀಸಿಗೆ ಬಂದು, ನಮಸ್ಕಾರವನ್ನೂ ಹೇಳದೆ ಮೇಜಿನ ಮುಂದೆ ಕುಳಿತರು.

"ನನಗೊಂದು ಹೇಳಿ. ನಿಮ್ಮ ಕಾನೂನಲ್ಲಿ ಬೋರ್ಡು ನಿಂತೇ ಇರ್ಬೇಕು ಅಂತ ಉಂಟಾ?"

"ಬೋರ್ಡ್ ಅಂದ್ಮ್ಯಾಲ ನಿಂತಿರ್ತದ."

"ಕೆಳಗಿನಿಂದ ನೋಡುವವರಿಗೆ ನಿಲ್ಬೇಕು. ನನಗೆ ಬೇಕಾದ್ದು ಮೇಲಿನಿಂದ ನೋಡುವವರು. ಅವರಿಗೆ ಅದು ಮಲಗಿದ್ರೆ ಇನ್ನೂ ಚೆಂದ ಕಾಣ್ತದೆ ಅಲ್ವಾ? ತಾರಸಿಯ ನೆಲಕ್ಕೇ ಬರೆಸಿಬಿಟ್ಟರೆ?"

ಮನ್ಮಥಪ್ಪನವರು ಉಮಾನಾಥರ ಮಾತು ಮುಗಿಯುವವರೆಗೆ ಕಾದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸುಶೀಲಾಬಾಯಿ ಅಲ್ಲಿದ್ದಿದ್ದರೆ ಡಾಕ್ಟರನ್ನು ಕರೆಸುತ್ತಿದ್ದರು.

"ದೀಪ ಹಚ್ಚಂಗಿಲ್ಲ," ಎಂದರು ಆಮೇಲೆ. "ಪೈಲಟ್ ರನ್‌ವೇ ಅಂತ ತಿಳ್ಕೊಂಡು ನಿಮ್ಮ ತಾರಸಿ ಮ್ಯಾಲ ಇಳಿದ್ರ ಕೋಣಿ ಸಾಲಂಗಿಲ್ಲ ನಿಮಗ. ಬಿಳೀ ಬಣ್ಣದಾಗ ಬರಸ್ರಿ. ಅಕ್ಷರ ನಾನೇ ಹಾಕಿ ಕೊಡ್ತೀನಿ. ಬ್ಯಾರೆಯವ್ರ ಕೈಲಿ ಮಾಡಸಬ್ಯಾಡ್ರಿ, ಸೊಟ್ಟ ಮಾಡ್ತಾರ."

ಭಾನುವಾರ ಅವರು ಮಾಳಿಗೆಯ ಮೇಲೆ ಹಗ್ಗ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಣ್ಣದವರನ್ನು ಬೈಯುತ್ತ, ಇಡೀ ತಾರಸಿಯಗಲ ಮುದ್ದಣ್ಣನ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದರು. ಕನ್ನಡ ಯಾರಿಗೆ ಅರ್ಥವಾಗುತ್ತದೆ ಎಂದು ಬಣ್ಣದವರು ಮರಾಠಿಯಲ್ಲಿ ಕೇಳಿದ್ದಕ್ಕೆ, ಮುದ್ದಣ್ಣನಿಗೆ ಎಂದು ಉತ್ತರ ಬಂತು. ಸಿನ್ನರಿನ ಕಬ್ಬಿಣವನ್ನು ಕತ್ತರಿಸಿ ಮೆಟ್ಟಿಲುಗಳ ಕಟಾಂಜನ ಮಾಡಿಸಿದರು. ಅಷ್ಟು ಗಟ್ಟಿಯಾದ ಕಟಾಂಜನ ಆ ರಸ್ತೆಯಲ್ಲಿ ಇನ್ನೊಂದಿರಲಿಲ್ಲ.

ಲಾಡ್ಜು ತೆರೆದ ದಿನ ಆಕಾಶ ಸ್ವಚ್ಛವಾಗಿತ್ತು. ಕ್ಯಾಪ್ಟನ್ ರಾಜವಾಡೆ ತಂದ ವಿಮಾನ ತಲೆಯ ಮೇಲೆ ಹೋಗುವಾಗ ಉಮಾನಾಥರು ತಾರಸಿಯಲ್ಲಿ ನಿಂತು ಕೈ ಬೀಸಿದರು. ಸ್ವಲ್ಪ ಹೊತ್ತಿನಲ್ಲೇ ಕ್ಯಾಪ್ಟನ್ ಲಾಡ್ಜಿಗೆ ಬಂದು, ಕಾಫಿಗೆ ಕುಳಿತರು. ಈ ಸಲ ಖಾಕಿ ಪ್ಯಾಂಟು ಹಾಕಿದ್ದರು.

"ಕಂಡಿತಾ? ಅಪ್ಪನ ಹೆಸರು ಕಂಡಿತಾ?" ಎಂದು ಉಮಾನಾಥರು ಹಿಂದಿಯಲ್ಲಿ ಕೇಳಿದರು.

"ನನಗೆ ಪೂರ್ತಿ ಕಂಡಿತು. ಅಕ್ಷರ ಬಹಳ ನೀಟಾಗಿದೆ," ಎಂದರು ಕ್ಯಾಪ್ಟನ್. "ಆದರೆ ಪ್ರಯಾಣಿಕರಿಗೆ, ಎಡಗಡೆ ಕೆಳಗೆ ನೋಡಿ ಅಂತ ನಾನು ಮೈಕಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು, ಅತ್ತ ತಿರುಗಿ, ಕಿಟಕಿಗೆ ಬಗ್ಗಿ ನೋಡುವಷ್ಟರಲ್ಲಿ ಜೋಳದ ಹೊಲ ಬಂದಿತ್ತು."

ಉಮಾನಾಥರ ಮುಖ ಇಳಿಯಿತು. ಮನ್ಮಥಪ್ಪನವರು ಆಗಲೇ ಜೇಬಿನಿಂದ ಪೆನ್ಸಿಲ್ ತೆಗೆದು, ತಟ್ಟೆಯ ಕೆಳಗಿದ್ದ ಕಾಗದವನ್ನು ಎಳೆದುಕೊಂಡಿದ್ದರು.

"ಅದಕ್ಯಾಕ ಚಿಂತಿ ಮಾಡ್ತೀರಿ?" ಎಂದರು. "ಎಷ್ಟು ಮೊದಲ ಹೇಳ್ಬೇಕು ಅಂತ ನಾ ಲೆಕ್ಕಾ ಮಾಡಿ ಕೊಡ್ತೀನಿ. ಮಂದಿಗಿ ಕೇಳಲಾಕ ಮೂರು, ಕುತ್ತಿಗಿ ತಿರಗಲಾಕ ಮೂರು. ವಯಸ್ಸಾದವ್ರು ಇದ್ರ ಇನ್ನೊಂದೆರಡು ಕೂಡಸೋಣ."